ಬ್ರೇಕಕ್ಕನ ಬಲಗಾಲು

ಹಳೆಯ ಕಾರು ಕೊಂಡು ಮಾರುವುದು ನನ್ನ ಕಸುಬು. ಅದರಿಂದ ಅಂಟಿದ ಒಂದು ಚಾಳಿಯೆಂದರೆ, ಹೊಸಬರು ಯಾರೇ ಎದುರಾದರೂ ಮನಸ್ಸಿನಲ್ಲೇ ಅವರ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಎತ್ತಿ, ಟೈರಿಗೆ ಒದ್ದು ನೋಡುವುದು. ಬ್ರೇಕಕ್ಕನನ್ನೂ ನಾನು ಹಾಗೆಯೇ ಅಳೆದೆ. ಬಾಡಿ ಗಟ್ಟಿ, ಎತ್ತರ ಕಡಿಮೆ. ಬಣ್ಣ ಅಲ್ಲಲ್ಲಿ ಮಾಸಿದ್ದರೂ ಕಂಪನಿಯದ್ದೇ, ಮೇಲೆ ಬಳಿದದ್ದಲ್ಲ. ಮೀಟರ್ ತಿರುಗಿಸಿಲ್ಲ, ವಯಸ್ಸು ಕೇಳಿದರೆ ಇದ್ದದ್ದನ್ನೇ ಹೇಳುತ್ತಾರೆ. ಲೈಟು ಎರಡೂ ಚೊಕ್ಕ, ಎದುರಿನವರ ಮುಖಕ್ಕೆ ನೇರವಾಗಿ ಬೀಳುತ್ತವೆ. ಹಾರ್ನ್ ಇದೆಯಾದರೂ ಬಳಸಿದ ಗುರುತಿಲ್ಲ. ಬಹಳ ದೂರ ಓಡಿದ ಗಾಡಿ, ಓಡಿದ್ದೆಲ್ಲ ಪಕ್ಕದ ಸೀಟಿನಲ್ಲಿ. ಒಟ್ಟಾರೆ ನನ್ನಂಥವನು ಆಸೆಯನ್ನು ಮುಖದಲ್ಲಿ ತೋರಿಸಿಕೊಳ್ಳದೆ, ‘ಇರಲಿ, ನೋಡೋಣ’ ಎಂದು ಮೂಗು ಮುರಿಯಬೇಕಾದ ಮಾಲು. ಒಳ್ಳೆಯದು ಕಣ್ಣಿಗೆ ಬಿದ್ದಾಗ ವ್ಯಾಪಾರಿ ಮಾಡುವುದೇ ಅದು.

ಅವರ ನಿಜವಾದ ಹೆಸರು ಲೈಸೆನ್ಸಿನ ಮೇಲಿದೆ, ಊರಿನ ಬಾಯಲ್ಲಿ ಇಲ್ಲ. ಕನ್ನಡಕದ ಅಂಗಡಿಗೂ ಲಾಂಡ್ರಿಗೂ ನಡುವೆ ಎರಡೂ ಕಡೆಯಿಂದ ಒತ್ತಿಸಿಕೊಂಡು ನಿಂತಿರುವ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು ಅವರ ಕೆಲಸ. ಸ್ಕೂಲು ಅವರ ತಮ್ಮನದು. ಬೋರ್ಡಿನ ಮೇಲೆ ತಮ್ಮನ ಹೆಸರು ಅಂಗೈಯಗಲದ ಅಕ್ಷರಗಳಲ್ಲಿದೆ. ಅದರ ಕೆಳಗೆ, ಮಳೆನೀರು ಇಳಿದು ತುಕ್ಕು ಹಿಡಿದ ಜಾಗದಲ್ಲಿ, ‘ಮಹಿಳೆಯರಿಗೆ ಮಹಿಳಾ ಶಿಕ್ಷಕಿ’ ಎಂದು ಸಣ್ಣದಾಗಿ ಬರೆದಿದೆ. ಆ ಸಣ್ಣ ಅಕ್ಷರಗಳೇ ನಮ್ಮ ಅಕ್ಕ. ಮಹಿಳೆಯರಿಗೆ ಎಂದು ಬರೆದಿದ್ದರೂ ಗಂಡಸರೂ ಅವರನ್ನೇ ಕೇಳಿಕೊಂಡು ಬರುತ್ತಿದ್ದರು. ಅಕ್ಕ ಬೈಯುವುದಿಲ್ಲ ಎಂಬುದು ಒಂದು ಕಾರಣ, ತಮ್ಮ ಬೈಯುತ್ತಾನೆ ಎಂಬುದು ಇನ್ನೊಂದು.

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಕಲಿಯುವವರ ಪೆಡಲ್ಲಿಗೂ ಇದಕ್ಕೂ ನಡುವೆ ಒಂದು ಸರಳು ಹಾದಿರುತ್ತದೆ. ಇದನ್ನು ಒತ್ತಿದರೆ ಅದೂ ಇಳಿಯುತ್ತದೆ, ಅದನ್ನು ಒತ್ತಿದರೆ ಇದೂ ಇಳಿಯುತ್ತದೆ. ಬ್ರೇಕಕ್ಕನ ಜೀವನವೆಲ್ಲ ಆ ಎರಡನೇ ಪೆಡಲ್ಲಿನ ಮೇಲೆ ಬಲಗಾಲಿಟ್ಟುಕೊಂಡು ಕಳೆದದ್ದು. ಅವರು ಬ್ರೇಕ್ ಹಾಕುವ ಕ್ರಮವೇ ಬೇರೆ. ಒಮ್ಮೆ ನನಗೆ ಹೇಳಿದ್ದರು:

“ರಸ್ತೆ ನೋಡಿ ಬ್ರೇಕ್ ಹಾಕೋದು ಡ್ರೈವರ್ ಕೆಲಸ ಸಾಹುಕಾರ್ರೇ. ನಾನು ಡ್ರೈವರ್‌ನ ನೋಡಿ ಹಾಕ್ತೀನಿ. ಹೆದರಿಕೆ ಕಾಲಿಗೆ ಬರೋಕೆ ಮುಂಚೆ ಭುಜಕ್ಕೆ ಬರುತ್ತೆ. ಭುಜ ಕಿವಿ ಕಡೆ ಏರ್ತು ಅಂದ್ರೆ ನನ್ನ ಕಾಲು ಇಳೀತು ಅಂತ್ಲೇ ತಿಳ್ಕೊಳ್ಳಿ.”

ಈ ಕಾಲು ಕಾರಿನಿಂದ ಇಳಿದ ಮೇಲೂ ಕೆಲಸ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿಗೆ ಒದೆ ಬೀಳುತ್ತಿತ್ತು. ಸಿನಿಮಾದಲ್ಲಿ ಕಾರು ಬೆನ್ನಟ್ಟುವ ದೃಶ್ಯ ಬಂದರೆ ಮುಂದಿನ ಸಾಲಿನವರು ತಿರುಗಿ ಗುರಾಯಿಸುತ್ತಿದ್ದರು. ನಮ್ಮ ಮನೆಗೆ ಬಂದಾಗ ನನ್ನ ಮೊಮ್ಮಗಳು ತಟ್ಟೆ ಹಿಡಿದು ಓಡಿ ಬರುತ್ತ ಎಡವಿದಳು. ಅಕ್ಕ ಸೋಫಾದ ಮೇಲೆ ಕೂತಲ್ಲೇ ನೆಲಕ್ಕೆ ಕಾಲೊತ್ತಿದರು. ಮಗು ಬಿತ್ತು, ತಟ್ಟೆ ಒಡೆಯಿತು. “ಅಕ್ಕ, ನಮ್ಮನೆ ನೆಲಕ್ಕೆ ಬ್ರೇಕ್ ಫಿಟ್ ಮಾಡ್ಸಿಲ್ಲ” ಎಂದಳು ನನ್ನ ಹೆಂಡತಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕನೇ.

ನಾನು ಅವರಲ್ಲಿ ಕಾರು ಕಲಿತೆ ಎಂದರೆ ಈಗಲೂ ನನ್ನ ಗಿರಾಕಿಗಳು ನಂಬುವುದಿಲ್ಲ. ತಲೆ ನರೆಯುವವರೆಗೆ ಕಾರು ಮಾರಿದವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗಿರಾಕಿಯ ಕೈಗೇ ಕೀ ಕೊಟ್ಟು, ‘ನೀವೇ ಓಡ್ಸಿ ನೋಡಿ, ನಾನು ಓಡ್ಸಿದ್ರೆ ನಿಮಗೇನು ಗೊತ್ತಾಗುತ್ತೆ?’ ಎಂದು ದೊಡ್ಡ ಮನಸ್ಸಿನವನಂತೆ ಪಕ್ಕದಲ್ಲಿ ಕೂರುತ್ತಿದ್ದೆ. ಕಡೆಗೆ ಹೆಂಡತಿಯ ಚುಚ್ಚುಮಾತು ತಡೆಯಲಾರದೆ ಅಕ್ಕನ ಬಳಿ ಹೋದೆ. ವಿಷಯ ಹೊರಗೆ ಬೀಳಬಾರದು ಎಂದಾಗ, “ನೀವು ನನ್ನ ಹತ್ರ ಕಲಿಯೋದನ್ನ ನಾನು ಹೇಳ್ಕೊಂಡ್ರೆ ನನ್ನ ಮರ್ಯಾದೆ ಏನಾಗ್ಬೇಕು?” ಎಂದರು.

ಒಂದು ಬೆಳಿಗ್ಗೆ ದೊಡ್ಡಾಸ್ಪತ್ರೆಯ ಗೇಟಿನ ಮುಂದೆ ಒಬ್ಬ ಮುದುಕ ಎಕ್ಸ್‌ರೇ ಲಕೋಟೆಯನ್ನು ಎದೆಗವಚಿಕೊಂಡು ರಸ್ತೆ ದಾಟುತ್ತಿದ್ದ. ನಾನು ಬ್ರೇಕ್ ಎಂದುಕೊಂಡು ಒತ್ತಿದ್ದು ಆಕ್ಸಿಲರೇಟರನ್ನು. ಎಂಜಿನ್ ಕೂಗಿಕೊಂಡಿತು, ಮುದುಕ ನಿಂತಲ್ಲೇ ನಿಂತ. ಕಾರು ಮುಗ್ಗರಿಸಿ, ಅವನ ಮೊಣಕಾಲಿಗೆ ಒಂದು ಗೇಣು ಬಿಟ್ಟು ಆಫ್ ಆಯಿತು. ಮುದುಕ ಬಾನೆಟ್ಟಿನ ಮೇಲೆ ಕೈಯೂರಿ ನನ್ನನ್ನೊಮ್ಮೆ ನೋಡಿ, ಲಕೋಟೆ ಸರಿಮಾಡಿಕೊಂಡು ದಾಟಿಹೋದ. ಅಕ್ಕ ಬಲಗಾಲನ್ನು ನಿಧಾನಕ್ಕೆ ಪೆಡಲ್ಲಿನಿಂದ ಎತ್ತಿ, “ಹ್ಞೂಂ, ಗೇರ್ ತೆಗೀರಿ, ಸ್ಟಾರ್ಟ್ ಮಾಡಿ” ಎಂದರು. ಆ ಬಗ್ಗೆ ಅವತ್ತು ಆಡಿದ ಮಾತು ಅಷ್ಟೇ. ಮುಂದೆಯೂ ಎಂದೂ ಎತ್ತಲಿಲ್ಲ.

ಇನ್ನು ತಮ್ಮ. ಎದುರಿಗೆ ಅವನನ್ನು ನಾನು ‘ಓನರ್ರೇ, ನೀವು’ ಎನ್ನುತ್ತೇನೆ. ಬರೆಯುವಾಗಲೂ ಅಷ್ಟು ಧಾರಾಳ ಬೇಡ. ಅವನಿಗೂ ಕಾರು ಕಲಿಸಿದ್ದು ಅಕ್ಕನೇ. ಅವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಬ್ರೇಕಿನ ಮೇಲೆ ಮಾತ್ರ ಅವನಿಗೆ ಹುಟ್ಟಿನಿಂದಲೇ ಅಸಡ್ಡೆ. ಎದುರಿನವನು ಸರಿಯುತ್ತಾನೆ ಎಂಬುದು ಅವನ ನಂಬಿಕೆ. ಪಕ್ಕದಲ್ಲಿ ಅಕ್ಕ ಇದ್ದಾಳೆ ಎಂಬುದು ಅದಕ್ಕಿಂತ ದೊಡ್ಡ ನಂಬಿಕೆ. “ಇವನು ಇಡೀ ಆಯಸ್ಸಲ್ಲಿ ಒಂದು ಸಲ ತಾನಾಗೇ ಬ್ರೇಕ್ ಹಾಕಿದ್ದು ನಾನು ಕಾಣೆ” ಎಂದು ಅಕ್ಕ ಅವನ ಮುಂದೆಯೇ ಹೇಳುತ್ತಿದ್ದರು. ಅವನು ಅದನ್ನು ಹೊಗಳಿಕೆಯಂತೆ ತೆಗೆದುಕೊಂಡು ಹಲ್ಲು ಬಿಡುತ್ತಿದ್ದ.

ಡಾಕ್ಟರು ಹೊಟ್ಟೆ ಕರಗಿಸಿ ಎಂದದ್ದಕ್ಕೆ ಈ ತಮ್ಮ ಒಂದು ಗುಡ್ಡಗಾಡಿನ ಸೈಕಲ್ ಕೊಂಡ. ದಪ್ಪ ಟೈರು, ಮುಂದೆ ಸ್ಪ್ರಿಂಗು, ಮೈಗಂಟುವ ಬಟ್ಟೆ, ಮೊಣಕಾಲಿಗೆ ಕವಚ. ಆ ಬಟ್ಟೆಯಲ್ಲಿ ಅವನನ್ನು ನೋಡಿ ಅಕ್ಕ, “ಲೋ, ದಿಂಬಿನ ಕವರ್ ಚಿಕ್ಕದಾಯ್ತು” ಎಂದರು. ಒಂದು ಭಾನುವಾರ ಎಲ್ಲರೂ ಊರ ಹೊರಗಿನ ಕಲ್ಲುಗುಡ್ಡಕ್ಕೆ ಹೋಗೋಣ ಎಂದು ಅವನೇ ಹೊರಡಿಸಿದ. ಎಲ್ಲರೂ ಎಂದರೆ ಅವನು, ಅಕ್ಕ ಮತ್ತು ನಾನು. ಅವನು ನನ್ನಲ್ಲಿ ಸ್ಕೂಲಿಗೆ ಕಾರು ಕೊಳ್ಳುವವನಿದ್ದ. ಗಿರಾಕಿ ಗುಡ್ಡ ಹತ್ತಿದರೆ ವ್ಯಾಪಾರಿಯೂ ಹತ್ತಬೇಕಾಗುತ್ತದೆ. ಅಕ್ಕ ಯಾಕೆ ಹೊರಟರೆಂದು ನಾನೇ ಕೇಳಿದೆ.

“ಇವನ ಹಿಂದೆ ಯಾರಾದ್ರೂ ಇರ್ಬೇಕಲ್ಲ” ಎಂದರು.

ಗುಡ್ಡದ ಬುಡದಲ್ಲಿ ಸೈಕಲ್ ಬಾಡಿಗೆಗೆ ಕೊಡುವವನೊಬ್ಬನಿದ್ದ. ಬಿಸಿಲಿಗೆ ಸುಟ್ಟು ಕಪ್ಪಾದ ಮೂಗು, ಮಾತಿಗಿಂತ ಕೈಸನ್ನೆ ಹೆಚ್ಚು. ಅಕ್ಕನಿಗೂ ನನಗೂ ಸೀಟಿನ ಎತ್ತರ ಸರಿಮಾಡಿಕೊಟ್ಟು ಪಾಠ ಹೇಳಿದ: “ಇಳಿಯೋವಾಗ ಪೆಡಲ್ ಎರಡೂ ಸಮ ಇರ್ಲಿ, ಕಾಲು ಎರಡೂ ಪೆಡಲ್ ಮೇಲೇ ಇರ್ಲಿ. ಏನಾದ್ರೂ ಆಗ್ಲಿ, ಕಾಲು ಕೆಳಗೆ ಚಾಚ್ಬೇಡಿ. ಕಲ್ಲು ಕಾಲನ್ನ ಹಿಡ್ಕೊಂಡ್ರೆ ಬಿಡಲ್ಲ. ಬ್ರೇಕ್ ಕೈಯಲ್ಲಿದೆ, ಒಂದೊಂದು ಬೆರಳಲ್ಲಿ ಮೆತ್ತಗೆ ಹಿಡೀರಿ.” ಅಕ್ಕ ಒಳ್ಳೆಯ ವಿದ್ಯಾರ್ಥಿಯಂತೆ ಎರಡು ಸಲ ಹೇಳಿಸಿಕೊಂಡರು. “ನೀವು ಚೆನ್ನಾಗಿ ಹೇಳ್ಕೊಡ್ತೀರಪ್ಪ. ಬೈಯೋದಿಲ್ಲ” ಎಂದು ಮೆಚ್ಚಿಕೊಂಡರು. ಅಷ್ಟರಲ್ಲಿ ತಮ್ಮ ಅರ್ಧ ಗುಡ್ಡ ಹತ್ತಿಯಾಗಿತ್ತು.

ಹತ್ತುವುದರಲ್ಲಿ ನನ್ನ ಪ್ರಾಣ ಬಾಯಿಗೆ ಬಂತು. ಹೆಚ್ಚಿನ ದಾರಿಯಲ್ಲಿ ನಾನು ಸೈಕಲ್ಲನ್ನು ತಳ್ಳಿದೆ, ಉಳಿದದ್ದರಲ್ಲಿ ಅದು ನನ್ನನ್ನು ತಳ್ಳಿತು. ಅಕ್ಕ ಮಾತ್ರ ಸೀಟು ಬಿಟ್ಟಿಳಿಯದೆ, ಒಂದೇ ಹದದಲ್ಲಿ ತುಳಿಯುತ್ತ ಹೋದರು. ನೆತ್ತಿಯಲ್ಲಿ ಬಿಸಿಲು, ಗಾಳಿ, ಬಟಾಬಯಲು. ಅಲ್ಲಿಂದ ಕೆಳಗೆ ದಾರಿಯೆಂದು ಹೇಳುವಂಥದ್ದೇನೂ ಇಲ್ಲ. ಹಾಸುಬಂಡೆ, ಅದರ ಅಂಚಿನಲ್ಲಿ ಒಂದು ಮೆಟ್ಟಿಲಿನಷ್ಟು ತಗ್ಗು, ಆಮೇಲೆ ಮುಷ್ಟಿಗಾತ್ರದ ಕಲ್ಲುಗಳ ರಾಶಿ, ಮತ್ತೆ ಬಂಡೆ. ಕಲ್ಲಿನ ಮೇಲೆ ಸೈಕಲ್ ಟೈರುಗಳು ಉಜ್ಜಿ ಕಪ್ಪಗೆ ಗೆರೆ ಬಿದ್ದಿತ್ತು. ಆ ಗೆರೆಯೇ ದಾರಿ.

ತಮ್ಮ ಮುಂದೆ, ನಡುವೆ ಅಕ್ಕ, ಸಾಕಷ್ಟು ಹಿಂದೆ ಬ್ರೇಕುಗಳೆರಡನ್ನೂ ಕಿರುಗುಟ್ಟಿಸುತ್ತ ನಾನು. ಅಕ್ಕ ಇಳಿಯುತ್ತಿದ್ದದ್ದು ನೋಡುವಂತಿತ್ತು. ಪೆಡಲ್ ಸಮ, ಮೊಣಕೈ ಸಡಿಲ, ಚಕ್ರ ಕಲ್ಲಿನಿಂದ ಕಲ್ಲಿಗೆ ಉರುಳಿಕೊಂಡು ಹೋಗುತ್ತಿತ್ತು. ಹೇಳಿಕೊಟ್ಟದ್ದನ್ನೆಲ್ಲ ಹೇಳಿಕೊಟ್ಟ ಹಾಗೆಯೇ ಮಾಡುತ್ತಿದ್ದರು. ಅವರಷ್ಟಕ್ಕೆ ಅವರನ್ನು ಬಿಟ್ಟಿದ್ದರೆ ಒಂದು ಗೀರೂ ಇಲ್ಲದೆ ಬುಡ ಸೇರುತ್ತಿದ್ದರು. ಇದರಲ್ಲಿ ನನಗೆ ಅನುಮಾನವಿಲ್ಲ.

ಒಂದು ತಿರುವಿನಲ್ಲಿ ತಮ್ಮನ ಮುಂದಿನ ಚಕ್ರ ಸಡಿಲ ಕಲ್ಲುಗಳ ಮೇಲೆ ಹೋಗಿ ಜಾರಿತು. ಸೈಕಲ್ ಅಡ್ಡಡ್ಡ ವಾಲಾಡಿತು. “ಅಯ್ಯೋ!” ಎಂದ. ಅವನ ಭುಜಗಳೆರಡೂ ಕಿವಿಗೆ ಏರಿದ್ದು ನನಗೇ ಅಷ್ಟು ದೂರದಿಂದ ಕಂಡಿತು. ಅಕ್ಕನಿಗೆ ಕಾಣದಿರುತ್ತದೆಯೇ?

ಅವರ ಬಲಗಾಲು ಪೆಡಲ್ ಬಿಟ್ಟು ಮುಂದಕ್ಕೆ ಚಾಚಿತು. ಕಾರಿನಲ್ಲಿ ಚಾಚುವ ಹಾಗೆಯೇ, ಮೊಣಕಾಲು ನೆಟ್ಟಗೆ, ಪಾದ ಗಟ್ಟಿಯಾಗಿ ಕೆಳಗೆ, ಅಲ್ಲಿಲ್ಲದ ಪೆಡಲ್ಲನ್ನು ಜೀವ ಹೋಗುವ ಹಾಗೆ ಒತ್ತಿದರು. ಪೆಡಲ್ ಇಲ್ಲದ ಕಡೆ ಕಲ್ಲಿತ್ತು. ಎರಡು ಬಂಡೆಗಳ ಸಂದಿಗೆ ಪಾದ ಸಿಕ್ಕಿತು. ಸೈಕಲ್ ಮುಂದೆ ಹೋಯಿತು, ಕಾಲು ಅಲ್ಲೇ ನಿಂತಿತು, ಅಕ್ಕ ಹ್ಯಾಂಡಲ್ಲಿನ ಮೇಲಿಂದ ಪಲ್ಟಿ ಹೊಡೆದು ಕಲ್ಲುಗಳ ಮೇಲೆ ಬಿದ್ದರು. ಒಣಕಟ್ಟಿಗೆ ಮುರಿದಂಥ ಸದ್ದು ನನಗೆ ಕೇಳಿಸಿತು. ಕೇಳಿಸಿದ್ದು ಸುಳ್ಳಿರಲಿ ಎಂದುಕೊಂಡೇ ಸೈಕಲ್ ಬಿಸಾಕಿ ಓಡಿದೆ.

ಹೆಲ್ಮೆಟ್ ಇದ್ದುದರಿಂದ ತಲೆ ಉಳಿದಿತ್ತು. ಕೆನ್ನೆ ತರಚಿತ್ತು. ಬಲಪಾದ ಯಾವ ಕಡೆಗೆ ತಿರುಗಿರಬಾರದೋ ಆ ಕಡೆಗೆ ತಿರುಗಿತ್ತು. ಅಕ್ಕ ಕಣ್ಣು ತೆರೆದು ನನ್ನ ತೋಳು ಹಿಡಿದುಕೊಂಡರು. ಮೊದಲು ಬಾಯಿಂದ ಹೊರಟದ್ದು ನೋವಿನ ಮಾತಲ್ಲ.

“ಅವನು ನಿಂತ್ನಾ?”

ನಾನು ಕೆಳಗೆ ನೋಡಿದೆ. ತಮ್ಮ ವಾಲಾಡಿ, ಸಂಭಾಳಿಸಿಕೊಂಡು, ಬ್ರೇಕ್ ಮುಟ್ಟದೆಯೇ ಬುಡ ಮುಟ್ಟಿದ್ದ. ಸೈಕಲ್ಲಿಗೆ ಒರಗಿ, ಹೆಬ್ಬೆರಳೆತ್ತಿ, ಫೋನಿನಲ್ಲಿ ತನ್ನ ಫೋಟೋ ತಾನೇ ತೆಗೆದುಕೊಳ್ಳುತ್ತಿದ್ದ.

“ನಿಂತಿದ್ದಾನೆ ಅಕ್ಕ. ಚೆನ್ನಾಗಿ ನಿಂತಿದ್ದಾನೆ.”

“ಸರಿ ಹಾಗಾದ್ರೆ” ಎಂದು ಕಣ್ಣು ಮುಚ್ಚಿದರು. ಆಮೇಲೆ ನರಳಿದರು.

ಆಸ್ಪತ್ರೆಯಲ್ಲಿ ಕಣಕಾಲಿಗೆ ಪ್ಲೇಟು ಹಾಕಿ ಸ್ಕ್ರೂ ಬಿಗಿದರು. ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ತಮ್ಮ ಇನ್ನೂ ಅದೇ ಮೈಗಂಟಿದ ಬಟ್ಟೆಯಲ್ಲಿ ಕೂತು, ಬಂದವರಿಗೆಲ್ಲ ವಿವರಿಸುತ್ತಿದ್ದ. “ಬಾಡಿಗೆಯೋನು ಅಷ್ಟು ಹೇಳಿದ್ದ, ಕಾಲು ಚಾಚ್ಬೇಡಿ ಅಂತ. ಸೈಕಲ್ಲಲ್ಲಿ ಯಾರಾದ್ರೂ ಕಾಲಲ್ಲಿ ಬ್ರೇಕ್ ಹುಡುಕ್ತಾರಾ? ನಮ್ಮಕ್ಕ ಹುಡುಕಿದ್ಲು ನೋಡಿ!” ಕೇಳಿದವರು ಆಸ್ಪತ್ರೆ ಎಂಬುದನ್ನು ಮರೆತು ನಕ್ಕರು.

ಅವರೆಲ್ಲ ಹೋದ ಮೇಲೆ ನಾನು ಅವನ ಪಕ್ಕ ಕೂತು ಕಂಡದ್ದನ್ನು ಹೇಳಿದೆ. “ಓನರ್ರೇ, ಅಕ್ಕ ಬ್ರೇಕ್ ಹುಡುಕಿದ್ದು ಅವರಿಗೋಸ್ಕರ ಅಲ್ಲ, ನಿಮಗೋಸ್ಕರ. ನೀವು ಜಾರಿದ್ರಿ, ಕೂಗಿದ್ರಿ, ಅವರು ಕಾಲೊತ್ತಿದ್ರು. ನಾನು ಹಿಂದಿನಿಂದ ನೋಡಿದೀನಿ.”

ಅವನು ತನ್ನ ಮೊಣಕಾಲಿನ ಕವಚ ಬಿಚ್ಚಿದ. “ನಾನು ಬಿದ್ನಾ ಸಾಹುಕಾರ್ರೇ?”

“ಇಲ್ಲ.”

“ಬೀಳ್ಲಿಲ್ಲ. ಮತ್ತೆ ಬ್ರೇಕ್ ಹಾಕು ಅಂತ ನಾನು ಕೇಳಿದ್ನಾ?”

ಲೋಕದಲ್ಲಿ ಈ ಬಗೆಯ ಗಿರಾಕಿಗಳಿದ್ದಾರೆ. ಮಾಲು ಮನೆ ಸೇರಿದ ಮೇಲೆ, ನಾನು ಆರ್ಡರ್ ಕೊಟ್ಟೇ ಇರಲಿಲ್ಲ ಎನ್ನುತ್ತಾರೆ.

ಕಟ್ಟು ಬಿಚ್ಚಿದ ದಿನ ಅಕ್ಕನ ಜೊತೆ ನನ್ನ ಹೆಂಡತಿ ಹೋಗಿದ್ದಳು. ಡಾಕ್ಟರು ಪಾದವನ್ನು ಹಿಂದೆ ಮುಂದೆ ಆಡಿಸಿ ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ಧಾರಾಳವಾಗಿ ನಡೆಯಬಹುದು ಎಂದರಂತೆ. ಪಾದ ಥಟ್ಟನೆ ಒತ್ತುವುದು ಮಾತ್ರ ಮೊದಲಿಗಿಂತ ಒಂದಿಷ್ಟು ನಿಧಾನವಾಗಬಹುದು ಎಂದೂ ಸೇರಿಸಿದರಂತೆ.

“ಎಷ್ಟು ನಿಧಾನ?”

“ನಿಮಗೆ ಗೊತ್ತೇ ಆಗಲ್ಲ, ಅಷ್ಟು.”

“ನನಗೆ ಗೊತ್ತಾಗುತ್ತೆ ಡಾಕ್ಟ್ರೇ” ಎಂದರಂತೆ ಅಕ್ಕ.

ಸ್ಕೂಲಿಗೆ ಮರಳಿದಾಗ ಅವರ ಸೀಟಿನಲ್ಲಿ ತಮ್ಮನ ಬಾಮೈದ ಕೂತಿದ್ದ. ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಫೋನು, ಕಾಲು ಮಡಚಿ ಸೀಟಿನ ಮೇಲೆ. ಎರಡನೇ ಪೆಡಲ್ಲಿನ ಹತ್ತಿರ ಅವನ ಚಪ್ಪಲಿ ಮಾತ್ರ ಇರುತ್ತಿತ್ತು. ಅಕ್ಕನಿಗೆ ಕೌಂಟರ್ ಎಂದು ತಮ್ಮ ತೀರ್ಮಾನಿಸಿಬಿಟ್ಟಿದ್ದ. “ನೆರಳಲ್ಲಿ ಕೂತಿರಕ್ಕ. ಫೋನ್ ತಗೋ, ಟೈಮ್ ಕೊಡು. ಇಷ್ಟು ವರ್ಷ ದುಡಿದಿದೀಯ, ಸಾಕು.” ಹೊರಗಿನವರ ಕಿವಿಗೆ ಎಷ್ಟು ಸಿಹಿಯಾದ ಮಾತು! ಕೂತವರಿಗೆ ಮಾತ್ರ ಕುರ್ಚಿಯ ಮುಳ್ಳು ಗೊತ್ತು. ಆ ಕೌಂಟರಿನ ಕಿಟಕಿಯಿಂದ ಸ್ಕೂಲಿನ ಕಾರುಗಳು ಬರುವುದೂ ಹೋಗುವುದೂ ಕಾಣುತ್ತಿದ್ದವು. ಕ್ಲಚ್ ಬಿಡುವ ಸದ್ದಿನಲ್ಲೇ ಅಕ್ಕ, “ಈ ಹುಡುಗಿಗೆ ಯಾರೂ ಸರಿಯಾಗಿ ಹೇಳ್ಕೊಟ್ಟಿಲ್ಲ” ಎಂದು ಗೊಣಗುತ್ತಿದ್ದರು. ಒಂದು ದಿನ ಕಾರಿನ ಬಂಪರ್ ನಜ್ಜುಗುಜ್ಜಾಗಿ ಬಂತು. ಕಲಿಯುತ್ತಿದ್ದವಳು ಅಳುತ್ತ ಇಳಿದಳು, ಬಾಮೈದ ಇಯರ್‌ಫೋನ್ ಸುತ್ತಿಟ್ಟುಕೊಳ್ಳುತ್ತ ಇಳಿದ. ಅಕ್ಕ ಅವಳಿಗೆ ನೀರು ಕೊಟ್ಟು ಒಳಗೆ ಕೂರಿಸಿಕೊಂಡರು.

ನಾನು ಆಗಾಗ ಹೋಗಿ ಕೌಂಟರಿಗೆ ಒರಗಿ ಹರಟುತ್ತಿದ್ದೆ. ಹರಟೆಯ ನಡುವೆ ಕೆಳಗಿನಿಂದ ‘ಧಡ್’ ಎಂದು ಸದ್ದು ಬರುತ್ತಿತ್ತು. ಹೊರಗೆ ಎಲ್ಲಾದರೂ ಹಾರ್ನ್ ಆದರೆ ಧಡ್, ಟೈರು ಕಿರುಗುಟ್ಟಿದರೆ ಧಡ್. ಬಗ್ಗಿ ನೋಡಿದರೆ ಕೌಂಟರಿನ ಒಳಗಡೆ ಅಡ್ಡಹಲಗೆಯ ಬಣ್ಣ ಒಂದು ಪಾದದಷ್ಟು ಜಾಗದಲ್ಲಿ ಕಿತ್ತುಹೋಗಿತ್ತು.

“ಏನಕ್ಕ ಇದು, ಅಂಗಡಿ ಎಲ್ಲಿಗೆ ಹೊರಟಿದೆ?”

“ಎಲ್ಲಿಗೂ ಇಲ್ಲ. ಅದಕ್ಕೇ ಬ್ರೇಕ್ ಹಾಕಿರೋದು” ಎಂದು ನಕ್ಕರು. ನಗು ಬೇಗ ಇಳಿಯಿತು. “ಸಾಹುಕಾರ್ರೇ, ಮೊದಲಿನ ಹಾಗೇ ಬರ್ತಿದೆ. ಸುಳ್ಳು ಹೇಳ್ತಿಲ್ಲ. ಅವನಿಗೆ ಒಂದು ಮಾತು ಹೇಳಿ. ಒಂದೇ ಒಂದು ರೌಂಡು ನೋಡ್ಲಿ. ಬರ್ಲಿಲ್ಲ ಅಂದ್ರೆ ನಾನೇ ಇಳಿದುಬಿಡ್ತೀನಿ. ಇಲ್ಲಿ ಕೂತು ಕೂತು ನನಗೆ ಉಸಿರು ಕಟ್ಟುತ್ತೆ.”

ತಮಗಾಗಿ ಏನನ್ನಾದರೂ ಅವರು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೋಗಿ ತಮ್ಮನಿಗೆ ಹೇಳಿದೆ. ವ್ಯಾಪಾರಿಯ ನಾಲಿಗೆಯನ್ನು ಪೂರ್ತಿ ಖರ್ಚು ಮಾಡಿದೆ. ಅಕ್ಕನಿಲ್ಲದ ಮೇಲೆ ಕಲಿಯುವವರು ಬೇರೆ ಸ್ಕೂಲಿಗೆ ಹೋಗುತ್ತಿದ್ದಾರೆ ಎಂದೆ, ಬಂಪರಿನ ಕತೆ ಎತ್ತಿದೆ. “ಆಯ್ತು, ನಾನೇ ಓಡಿಸ್ತೀನಿ. ಅವಳು ಪಕ್ಕದಲ್ಲಿ ಕೂರ್ಲಿ. ನೀವೂ ಬನ್ನಿ, ಆಮೇಲೆ ಮೋಸ ಅನ್ಬಾರ್ದು” ಎಂದ.

ಮಾರುಕಟ್ಟೆಯ ಹಿಂದಿನ ಬಯಲಿಗೆ ಹೋದೆವು. ಅಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಗೋಡೆಯಂತೆ ಜೋಡಿಸಿಟ್ಟೆವು. ಒಪ್ಪಂದ ಸರಳವಾಗಿತ್ತು. ತಮ್ಮ ಪೆಟ್ಟಿಗೆಗಳ ಕಡೆಗೆ ಜೋರಾಗಿ ಓಡಿಸಬೇಕು, ಬ್ರೇಕ್ ಮುಟ್ಟಬಾರದು, ಅಕ್ಕ ನಿಲ್ಲಿಸಬೇಕು. ತಪ್ಪಿದರೂ ರಟ್ಟು ಚೂರಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ಅಕ್ಕ ಸೀಟಿನಲ್ಲಿ ಕೂತರು, ಸೀಟನ್ನು ತಮ್ಮ ಅಳತೆಗೆ ಮುಂದೆ ಎಳೆದುಕೊಂಡರು. ಬಾಮೈದನ ಚಪ್ಪಲಿಯ ಧೂಳನ್ನು ಪೆಡಲ್ಲಿನಿಂದ ಕರ್ಚೀಫಿನಲ್ಲಿ ಒರೆಸಿದರು. ನಾನು ಹಿಂದೆ ಕೂತೆ. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಆಸ್ಪತ್ರೆಯಿಂದ ಬಂದಮೇಲೆ ಅಷ್ಟು ಹುರುಪಿನ ಮುಖವನ್ನು ನಾನು ನೋಡಿರಲಿಲ್ಲ.

“ಹೊರಡಪ್ಪ. ಹೆದರ್ಬೇಡ, ನಾನಿದೀನಿ” ಎಂದರು. ಕಲಿಯುವವರಿಗೆಲ್ಲ ಮೊದಲ ದಿನ ಹೇಳುತ್ತಿದ್ದ ಮಾತು.

ತಮ್ಮ ಹೊರಟ. ಗೇರ್ ಮೇಲೆ ಗೇರ್ ಏರಿಸಿದ. ಪೆಟ್ಟಿಗೆಗಳು ದೊಡ್ಡದಾಗುತ್ತ ಬಂದವು. ಅಕ್ಕನ ಕಣ್ಣು ಅವುಗಳ ಮೇಲಿರಲಿಲ್ಲ, ತಮ್ಮನ ಭುಜದ ಮೇಲಿತ್ತು. ಭುಜ ಏರಿತು. ಕಾರು ಜಗ್ಗಿ ನಿಂತಿತು, ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಧೂಳು ಹಿಂದಿನಿಂದ ಬಂದು ನಮ್ಮನ್ನು ದಾಟಿ ಹೋಯಿತು. ತಲೆಯೆತ್ತಿ ನೋಡಿದರೆ ಪೆಟ್ಟಿಗೆಗಳಿಗೂ ನಮಗೂ ನಡುವೆ ಇನ್ನೊಂದು ಕಾರು ನಿಲ್ಲಿಸುವಷ್ಟು ಜಾಗವಿತ್ತು.

“ನೋಡಿದ್ರಾ!” ಎಂದು ನಾನು ಚಪ್ಪಾಳೆ ತಟ್ಟಿದೆ. “ಏನಾಗಿದೆ ಅಕ್ಕನ ಕಾಲಿಗೆ?”

ತಮ್ಮ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದ. ಬಾಯಿ ತೆರೆದಿದ್ದರೆ ಅವನು ಏನು ಹೇಳುತ್ತಿದ್ದನೋ ನನಗೆ ಗೊತ್ತಿಲ್ಲ. ಪೆಡಲ್ಲುಗಳ ನಡುವೆ ಸರಳು ಇದೆಯಲ್ಲ, ಯಾರ ಕಾಲು ಒತ್ತಿತು ಎಂದು ಹಿಂದೆ ಕೂತವನಿಗೆ ಹೇಗೆ ತಿಳಿಯಬೇಕು? ಅಕ್ಕ ಹೂಂ ಎಂದಿದ್ದರೆ ಸಾಕಿತ್ತು. ನಾನು ಸಾಕ್ಷಿ ಹೇಳುತ್ತಿದ್ದೆ, ತಮ್ಮ ಇಲ್ಲವೆನ್ನುವ ಹಾಗಿರಲಿಲ್ಲ. ಅಕ್ಕ ಹೂಂ ಎನ್ನಲಿಲ್ಲ.

“ನಾನಲ್ಲ ಸಾಹುಕಾರ್ರೇ. ನನ್ನ ಕಾಲು ಹೋಗೋಷ್ಟರಲ್ಲಿ ಪೆಡಲ್ ಕೆಳಗಿತ್ತು. ಇವನು ಹಾಕ್ದ.”

“ಓನರ್ರೇ, ಮುಟ್ಟಬಾರದು ಅಂತ ಮಾತಾಗಿತ್ತಲ್ಲ?” ಎಂದೆ.

“ಏನ್ಮಾಡ್ಲಿ?” ಎಂದು ತಮ್ಮ ಹಿಂದೆ ತಿರುಗದೆಯೇ ಸಿಡುಕಿದ. “ನಂಬಿಕೆ ಬರ್ಲಿಲ್ಲ. ಕಾಲು ತಾನಾಗೇ ಹೋಯ್ತು.”

“ಇನ್ನೊಂದು ಸಲ ಹೋಗಿ ಹಾಗಾದ್ರೆ. ಇದು ಲೆಕ್ಕಕ್ಕಿಲ್ಲ. ಅಷ್ಟು ದೂರಕ್ಕೇ ನೀವು ಒತ್ತಿಬಿಟ್ರೆ ಅವರ ಕಾಲು ತಡವೋ ಅಲ್ವೋ ಹೇಗೆ ಗೊತ್ತಾಗ್ಬೇಕು?”

“ಬೇಡ” ಎಂದರು ಅಕ್ಕ. ಸೀಟನ್ನು ಮತ್ತೆ ಹಿಂದಕ್ಕೆ ಸರಿಸಿದರು, ಬಾಮೈದನ ಅಳತೆಗೆ. “ಪಕ್ಕದಲ್ಲಿರೋರನ್ನ ನಂಬಿದ್ರೆ ತಾನೇ ಕಲಿಯೋದು? ಇವನಿಗೇ ನಂಬಿಕೆ ಬರ್ಲಿಲ್ಲ ಅಂದ್ಮೇಲೆ ಬೇರೆಯೋರಿಗೆ ಎಲ್ಲಿಂದ ಬರ್ಬೇಕು?” ಬಾಗಿಲು ತೆಗೆದು, ಒಳ್ಳೆಯ ಕಾಲನ್ನು ಮೊದಲು ಇಳಿಸಿ, ಇನ್ನೊಂದನ್ನು ಕೈಯಲ್ಲಿ ಎತ್ತಿಟ್ಟುಕೊಂಡರು. ಇಳಿದ ಮೇಲೆ ಬಗ್ಗಿ ಕಿಟಕಿಯೊಳಗೆ ನೋಡಿ ತಮ್ಮನಿಗೆ ಹೇಳಿದರು: “ಕಡೆಗೂ ನೀನಾಗೇ ಬ್ರೇಕ್ ಹಾಕ್ದೆ ಕಣೋ. ಇಷ್ಟು ವರ್ಷ ಹೇಳ್ಕೊಟ್ಟಿದ್ದಕ್ಕೆ ಇವತ್ತು ಬಂತು ನೋಡು.”

ಅದರಲ್ಲಿ ಎಷ್ಟು ಪಾಲು ಹೊಗಳಿಕೆ, ಎಷ್ಟು ಪಾಲು ವಿಷ ಎಂದು ನಾನು ಬೇರ್ಪಡಿಸಲಾರೆ. ತಮ್ಮ ಮಾತ್ರ ಅದನ್ನೂ ಹೊಗಳಿಕೆಯೆಂದೇ ತೆಗೆದುಕೊಂಡ. “ಮತ್ತೇನು! ಯಾರ ತಮ್ಮ ನಾನು?” ಎಂದು ನಕ್ಕ. ಅಕ್ಕ ಕುಂಟುತ್ತ ಹೋಗಿ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ ಬದಿಗಿಡತೊಡಗಿದರು. ಒಂದಕ್ಕೂ ಏನೂ ಆಗಿರಲಿಲ್ಲ.

ಈಗಲೂ ಅವರು ಕೌಂಟರಿನಲ್ಲಿದ್ದಾರೆ. ಸೈಕಲ್ಲಿನಲ್ಲಿ ಬ್ರೇಕ್ ಪೆಡಲ್ ಹುಡುಕಿದ ಅಕ್ಕನ ಕತೆಯನ್ನು ತಮ್ಮ ಹೊಸದಾಗಿ ಸೇರುವವರಿಗೆಲ್ಲ ಅವರ ಮುಂದೆಯೇ ಹೇಳುತ್ತಾನೆ. ಹೇಳುವಾಗ ಕಾಲು ಚಾಚಿ ತೋರಿಸುತ್ತಾನೆ. ತಾನು ಜಾರಿದ್ದು ಆ ಕತೆಯಲ್ಲಿ ಬರುವುದಿಲ್ಲ. ಮೊದಮೊದಲು ಅಕ್ಕ ಜೊತೆಗೆ ನಗುತ್ತಿದ್ದರು. ಈಗ ಆ ಹೊತ್ತಿಗೆ ಫೋನೆತ್ತಿಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ, “ಹೇಳಿ” ಎನ್ನುತ್ತಾರೆ. ಬೋರ್ಡಿಗೆ ಹೊಸ ಬಣ್ಣ ಬಂದಿದೆ. ತುಕ್ಕಿನ ಜಾಗವನ್ನು ಉಜ್ಜಿ ತೆಗೆದಾಗ ಸಣ್ಣ ಅಕ್ಷರಗಳೂ ಹೋದವು, ಮತ್ತೆ ಬರೆಸಲಿಲ್ಲ.

ಮೊನ್ನೆ ಸ್ಕೂಲಿನ ಆ ಹಳೆಯ ಕಾರು ನನ್ನ ಅಂಗಳಕ್ಕೇ ಮಾರಾಟಕ್ಕೆ ಬಂತು. ಮನೆಬಳಕೆಗೆ ಕೊಳ್ಳುವವರಿಗೆ ಎರಡನೇ ಪೆಡಲ್ ಬೇಕಿಲ್ಲ. ಮೆಕ್ಯಾನಿಕ್ಕಿಗೆ ಹೇಳಿ ಸರಳಿನ ಸಮೇತ ಬಿಚ್ಚಿಸಿದೆ. ಅದರ ರಬ್ಬರು ಬಲಕ್ಕೆ ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಅವತ್ತು ಸಂಜೆ ಕೌಂಟರಿಗೆ ಹೋದಾಗ ಅಕ್ಕ ಕೇಳಿದರು:

“ಬಿಚ್ಚಿದ್ರಾ?”

“ಬಿಚ್ಚಿಸ್ದೆ. ಬೇಕಾ ನಿಮಗೆ?”

“ನನಗ್ಯಾಕೆ? ಗುಜರಿಗ್ಹಾಕಿ.”

ಅಷ್ಟರಲ್ಲಿ ಹೊರಗೆ ಯಾವುದೋ ಗಾಡಿ ಹಾರ್ನ್ ಬಾರಿಸಿ, ಟೈರು ಉಜ್ಜಿ ನಿಂತಿತು. ನಾನು ಅಭ್ಯಾಸಬಲದಿಂದ ಕೌಂಟರಿನ ಕೆಳಗೆ ಕಿವಿಗೊಟ್ಟೆ. ಹಲಗೆ ಸದ್ದು ಮಾಡಲಿಲ್ಲ. ಅಕ್ಕ ಕಿಟಕಿಯ ಕಡೆಗೂ ನೋಡಲಿಲ್ಲ.

ಹಿಂತಿರುಗುವಾಗ ದೊಡ್ಡಾಸ್ಪತ್ರೆಯ ಮುಂದೆ ಹಾದುಬಂದೆ. ಗೇಟಿನ ಮುಂದೆ ಜನ ದಾಟುತ್ತಿದ್ದರು, ಕಾರು ನಿಲ್ಲಿಸಿಕೊಂಡು ಕಾದೆ. ನನ್ನ ಕಾರಿನಡಿ ಸಿಕ್ಕಿ ಇವತ್ತಿನವರೆಗೆ ಯಾರೂ ಸತ್ತಿಲ್ಲ. ಅಷ್ಟರ ಮಟ್ಟಿಗೆ ನಾನು ಬ್ರೇಕಕ್ಕನ ಬಲಗಾಲಿಗೆ ಋಣಿ.